ಛೇದಾಯ ನಮಃ

ಗಣಿತ ನನಗೆ ಬರುವುದಿಲ್ಲ ಎಂದು ಹೇಳಿಕೊಳ್ಳಲು ನಾನು ಎಂದೂ ನಾಚಿದವಳಲ್ಲ. ದೇವರು ಎಲ್ಲರಿಗೂ ಎಲ್ಲವನ್ನೂ ಕೊಡುವುದಿಲ್ಲ. ನನಗೆ ಹದವಾಗಿ ಅನ್ನ ಮಾಡುವ ಕೈ ಕೊಟ್ಟ, ನೆಂಟರು ಊಟ ಮುಗಿಸಿ ಹೋದ ಮೇಲೆಯೇ ಗ್ಯಾಸ್ ಖಾಲಿಯಾಗುವಂಥ ಪುಣ್ಯ ಕೊಟ್ಟ, ಸಾಕು. ಆದರೆ ಗಣಿತದೊಳಗಿನ ಹೆಸರುಗಳು ಮಾತ್ರ ನನಗೆ ಇವತ್ತಿಗೂ ಬಾಯಿಪಾಠ. ಮೊನ್ನೆ ಆರನೇ ಕ್ಲಾಸಿನ ಮಗಳು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತ ‘ಡಿನಾಮಿನೇಟರ್’ ಹತ್ತಿರ ತಡವರಿಸಿದಾಗ, ಒಗ್ಗರಣೆ ಸೌಟು ಹಿಡಿದುಕೊಂಡೇ ‘ಛೇದ’ ಎಂದೆ. ನಾನೇನೋ ಬೈದೆ ಎಂಬಂತೆ ನೋಡಿದಳು. ಅವಳ ತಪ್ಪಲ್ಲ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ತೆಲುಗು, ಆಟೋದಲ್ಲಿ ಹಿಂದಿ, ಗಣಿತಕ್ಕೆ ಇಂಗ್ಲಿಷ್ ಎಂದು ಹಂಚಿಹೋದ ಹೈದರಾಬಾದಿನ ಹುಡುಗಿ ಅವಳು. ಅವಳ ಬಾಯಿ ಎಷ್ಟೆಂದು ತಡೆದೀತು.

ನಾನು ಓದಿದ್ದು ಕೋಠಿಯ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ. ಕಿಟಕಿಯಾಚೆ ಬಸ್ಸುಗಳ ಹಾರ್ನು, ಸೀರೆ ಅಂಗಡಿಯವರ ಕೂಗು, ಈಚೆ ನಾವು. ಐದನೇ ಕ್ಲಾಸಿನವರೆಗೆ ಕೂಡಿಸು, ಕಳೆ, ಗುಣಿಸು ಎಂದು ಗಣಿತ ನಮ್ಮ ಮನೆಯ ಮಾತನ್ನೇ ಆಡುತ್ತಿತ್ತು. ಆರಕ್ಕೆ ಕಾಲಿಟ್ಟದ್ದೇ ತಡ, ಮದುವೆ ಮನೆಗೆ ಬೀಗರ ಕಡೆಯವರು ಬಂದಿಳಿಯುವ ಹಾಗೆ ಹೊಸ ಹೆಸರುಗಳು ಸಾಲಾಗಿ ಇಳಿದವು. ಅಂಶ, ಛೇದ, ತ್ರಿಜ್ಯ, ಪರಿಧಿ, ಅನುಪಾತ, ಅಪವರ್ತನ. ಯಾರು ಯಾರಿಗೆ ಏನಾಗಬೇಕೆಂದು ತಿಳಿಯದು. ಹೆಸರು ತಪ್ಪಿ ಕರೆದರೆ ಮಾತ್ರ ಎಲ್ಲರಿಗೂ ಸಿಟ್ಟು. ದಸರಾ ರಜೆ ಮುಗಿಯುತ್ತಲೇ ಹೆಡ್ ಟೀಚರ್ ತಾವೇ ಬಂದು ಬಾಯಿ ಪರೀಕ್ಷೆ ಮಾಡುತ್ತಾರೆ, ಹೇಳಲು ಬಾರದವರು ಗಣಿತದ ಪೀರಿಯಡ್ಡಿಗೆ ಐದನೇ ಕ್ಲಾಸಿಗೆ ಹೋಗಿ ಕೂಡಬೇಕು ಎಂಬ ಸುದ್ದಿ ಬಂತು. ಬೇರೆ ಹುಡುಗಿಯರಿಗೆ ಅದು ಬರೀ ಅವಮಾನ. ನನಗೆ ಅದಕ್ಕಿಂತ ಹೆಚ್ಚು. ಐದನೇ ಕ್ಲಾಸಿನಲ್ಲಿ ನನ್ನ ತಂಗಿ ಸುಧಾ ಇದ್ದಳು. ದಿನಾ ಅವಳಿಗೆ ಜಡೆ ಹಾಕಿ, ತಲೆಗೊಂದು ಮೊಟಕಿ, ಕೈ ಹಿಡಿದು ರಸ್ತೆ ದಾಟಿಸುವ ಅಧಿಕಾರ ನನ್ನದು. ಅವಳ ಪಕ್ಕದ ಬೆಂಚಿನಲ್ಲಿ ಕೂತ ಮೇಲೆ ಆ ಅಧಿಕಾರ ಉಳಿದೀತೆ?

ಅತ್ತುಕೊಂಡು ಅವ್ವನ ಹತ್ತಿರ ಹೋದೆ. ಅವ್ವ ದೇವರ ಮುಂದೆ ಕುಂಕುಮಾರ್ಚನೆಗೆ ಕೂತಿದ್ದಳು. ಅವಳು ಶಾಲೆಯ ಗಣಿತ ಕಂಡವಳಲ್ಲ. ಕಲಿಯುವುದೆಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ.

“ಲಕ್ಷ್ಮಿದು ನೂರಾಎಂಟು ಹೆಸರು ನಿನಗ ಬರ್ತಾವ. ಇವು ನಾಕು ಹತ್ತಂಗಿಲ್ಲೇನು?” ಎಂದಳು. “ಮುಂದ ನಮಃ ಹಚ್ಚು, ಒಂದೊಂದು ಹೂವು ಹಾಕು. ತಾನಾಗೇ ಬಾಯಾಗ ಕೂಡ್ತಾವ.”

ಗಣಿತದ ಪುಸ್ತಕವನ್ನು ದೇವರ ಜಗಲಿಯ ಅಂಚಿನಲ್ಲಿಟ್ಟು ಶುರುಮಾಡಿದೆ. ಅಂಶಾಯ ನಮಃ, ಒಂದು ಎಸಳು. ಛೇದಾಯ ನಮಃ, ಇನ್ನೊಂದು. ರಜೆಯುದ್ದಕ್ಕೂ ಅಷ್ಟೂ ಹೆಸರುಗಳಿಗೆ ಅರ್ಚನೆ ನಡೆಯಿತು. ಅವ್ವ ಹೇಳಿದಂತೆಯೇ ಅವು ಬಾಯಲ್ಲಿ ಕೂತವು. ಎಷ್ಟು ಗಟ್ಟಿಯಾಗಿ ಕೂತವು ಎನ್ನುವುದು ಪರೀಕ್ಷೆಯ ದಿನ ತಿಳಿಯಿತು. ಹೆಡ್ ಟೀಚರ್ ನನ್ನ ಹೆಸರು ಕರೆದರು. ಎದ್ದು ನಿಂತೆ, ಕಣ್ಣು ಮುಚ್ಚಿದೆ, ಕೈ ತಾವಾಗಿ ಜೋಡಿಕೊಂಡವು, ಬಾಯಿ ರಾಗವಾಗಿ ಹೊರಟೇಬಿಟ್ಟಿತು. ಅಂಶಾಯ ನಮಃ, ಛೇದಾಯ ನಮಃ, ಅಪವರ್ತನಾಯ ನಮಃ. ಹಿಂದಿನ ಬೆಂಚಿನಿಂದ ಯಾರೋ ಮಂಗಳಾರತಿ ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಮಃ ಬಿಟ್ಟು ಹೇಳು ಎಂದರು ಟೀಚರ್. ಬಿಟ್ಟರೆ ಒಂದು ಹೆಸರೂ ನೆನಪಿಗೆ ಬರಲಿಲ್ಲ.

ಟೀಚರ್ ನಗಲಿಲ್ಲ, ಅದು ನನ್ನ ಪುಣ್ಯ. ಹತ್ತಿರ ಕರೆದು ಮೆಲ್ಲಗೆ ಕೇಳಿದರು.

“ಪೂಜಿ ಆತು. ಛೇದ ಅಂದ್ರ ಏನು ಹೇಳವಾ.”

ಐದನೇ ಕ್ಲಾಸಿನ ಬೆಂಚು ಕಣ್ಣ ಮುಂದೆ ಬಂತು. ಪೂಜೆ ಆಯಿತು ಅಂದ ಮೇಲೆ ಪ್ರಸಾದವಲ್ಲವೇ ಎಂದು, ಅವ್ವ ಹೋಳಿಗೆ ಕತ್ತರಿಸುವುದೂ ಕಣ್ಣ ಮುಂದೆ ಬಂತು.

“ಹೋಳಿಗಿ ಎಷ್ಟು ಪಾಲು ಮಾಡ್ತಾರಲ್ರಿ, ಅದು ಛೇದ. ನನ್ನ ಕೈಯಾಗ ಎಷ್ಟು ಪಾಲು ಬೀಳ್ತಾವ, ಅದು ಅಂಶ.”

“ಛೇದ ದೊಡ್ಡದಾದ್ರ?”

“ಮಂದಿ ಭಾಳ ಬಂದಾರ ಅಂತರ್ಥರಿ. ನನ್ನ ಪಾಲು ಸಣ್ಣದಾಗ್ತದ.”

ಆಗ ಟೀಚರ್ ನಕ್ಕರು. ಹೋಗಿ ನಿನ್ನ ಜಾಗದಲ್ಲೇ ಕೂತುಕೋ ಎಂದರು. ಆ ಸಂಜೆ ಅವ್ವ ಸಕ್ಕರೆ ನೈವೇದ್ಯ ಮಾಡಿದಳು. ಸುಧಾ ಮಾತ್ರ ಸಕ್ಕರೆಯನ್ನೂ ಮುಟ್ಟಲಿಲ್ಲ, ಊಟವನ್ನೂ ಮಾಡಲಿಲ್ಲ. ಹೊಟ್ಟೆನೋವಿರಬೇಕೆಂದು ಅವ್ವ ಅಜವಾನದ ನೀರು ಕುಡಿಸಿ ಮಲಗಿಸಿದಳು.

ಮೊನ್ನೆ ಮಗಳ ಡಿನಾಮಿನೇಟರ್ ಇದನ್ನೆಲ್ಲ ಕೆದಕಿತಲ್ಲ, ಸುಧಾಗೆ ಫೋನ್ ಮಾಡಿದೆ. ಅವಳ ಮನೆ ಈಗ ಸನತ್‌ನಗರದಲ್ಲಿ. ನನ್ನ ಭಕ್ತಿ, ದೇವರ ಕೃಪೆ, ಹೋಳಿಗೆಯ ಉತ್ತರ ಎಲ್ಲವನ್ನೂ ರಸವತ್ತಾಗಿ ಹೇಳಿ, ದೇವರು ನನ್ನ ಕೈಬಿಡಲಿಲ್ಲ ನೋಡು ಎಂದೆ.

“ಅಕ್ಕಾ, ಸಿಟ್ಟಾಗಬ್ಯಾಡ,” ಎಂದಳು. “ನೀ ಪೂಜಿ ಮುಗಿಸಿ ಎದ್ದ ಮ್ಯಾಲೆ ಅದೇ ದೇವರ ಮುಂದ ನಾ ಕೂಡ್ತಿದ್ದೆ. ಅಕ್ಕ ನಾಪಾಸಾಗ್ಲಿ, ನನ್ನ ಬಾಜೂಕ ಬಂದು ಕೂಡ್ಲಿ ಅಂತ. ಅವತ್ತ ಬೆಂಚ್ ಒರಸಿ ಜಾಗಾನೂ ಇಟ್ಟಿದ್ದೆ.”

ನಾನು ಹೆದರಿ ಹೆದರಿ ಹೂವು ಹಾಕಿದ್ದು ಯಾವ ಜಾಗಕ್ಕೆ ಹೋಗಬಾರದೆಂದೋ, ಅದನ್ನು ಅವಳು ನನಗಾಗಿ ಒರೆಸಿ ಇಟ್ಟಿದ್ದಳು. ಅಲ್ಲಿಗೆ ಹೋಗಿ ಕೂತಿದ್ದರೆ ಆ ಹುಡುಗಿ ಆ ರಾತ್ರಿ ಉಂಡು ಮಲಗುತ್ತಿತ್ತು. ಈಗ ನಾನು ದೇವರ ಹತ್ತಿರ ಏನಾದರೂ ಬೇಡಿಕೊಳ್ಳುವ ಮೊದಲು ಸುಧಾಗೆ ಫೋನ್ ಮಾಡಿ, ನೀನೇನು ಬೇಡಿಕೊಂಡಿದ್ದೀ ಎಂದು ಕೇಳುತ್ತೇನೆ. ಅವಳು ಹೇಳುವುದಿಲ್ಲ.