ಅಮಾವಾಸ್ಯೆಯ ಭಾನುವಾರ ಮೂರು ಯಂತ್ರಮಾನವ ಚಿತ್ರಗಳು

ಹಟ ಹಿಡಿಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಆ ಹಟ ಯಾರಿಗೂ ಬೇಕಿಲ್ಲದ ಕೆಲಸಗಳಿಗೆ ಮಾತ್ರ ಬರುತ್ತದೆ ಎಂಬುದು ನನ್ನ ಹೆಂಡತಿ ಇಷ್ಟು ವರ್ಷ ನನ್ನನ್ನು ಹತ್ತಿರದಿಂದ ನೋಡಿ ಕಂಡುಕೊಂಡ ಸತ್ಯ. ಬಚ್ಚಲಿನ ನಲ್ಲಿ ಸೋರುತ್ತಿದ್ದರೆ ಅದರ ಪಾಡಿಗೆ ಸೋರಲಿ ಎನ್ನುವ ನಾನು, ಮೂರು ಹಳೆಯ ಜಪಾನಿ ಅನಿಮೇ ಚಿತ್ರಗಳನ್ನು ಗೆಳೆಯರ ಜೊತೆ ಕೂತು ಮತ್ತೊಮ್ಮೆ ನೋಡಲೇಬೇಕೆಂದು ಟೊಂಕ ಕಟ್ಟಿ ನಿಂತಾಗ ಅವಳು ಹಣೆ ಚಚ್ಚಿಕೊಂಡಳು. “ನಲವತ್ತಾರು ತುಂಬಿದಾವ್ರೀ ನಿಮಗ. ಕಾರ್ಟೂನ್ ನೋಡಾಕ ಮೂಡಲಗಿಗೆ ಹೋಗ್ಯಾರ ಅಂತ ಮಂದಿ ಮುಂದ ಹೆಂಗ ಹೇಳ್ಲಿ?” ಕಾರ್ಟೂನ್ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆರು ಮಹಡಿ ಎತ್ತರದ ಉಕ್ಕಿನ ಯಂತ್ರಮಾನವ, ಅವನ ಎದೆಗೂಡಿನಲ್ಲೊಂದು ಇಕ್ಕಟ್ಟಾದ ಕೋಣೆ, ಅಲ್ಲಿ ಕೂತು ಆ ದೈತ್ಯನ ಕೈಕಾಲು ಆಡಿಸುವ ಒಬ್ಬ ಬಡಕಲು ತರುಣ. ಇದು ಕಾರ್ಟೂನೇ? ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ.

ಈ ಹುಚ್ಚು ಹತ್ತಿದ್ದು ಗೋಕಾಕದಲ್ಲಿ, ಕಾಲೇಜಿನ ದಿನಗಳಲ್ಲಿ. ನಾನು, ಮೂಡಲಗಿಯ ಶಿವಾನಂದ, ಹುಕ್ಕೇರಿಯ ರಾಯಪ್ಪ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಶಿವಾನಂದನ ಸೋದರಮಾವ ಕೊಲ್ಹಾಪುರದಿಂದ ಮೂರು ಸಿಡಿ ತಂದುಕೊಟ್ಟಿದ್ದ. ಮಾತೆಲ್ಲ ಜಪಾನಿ, ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳೂ ಇಲ್ಲ. ಡಬ್ಬಿಯ ಹಿಂದೆ ಮಾತ್ರ ನಾಲ್ಕು ಸಾಲು ಇಂಗ್ಲಿಷ್ ಇತ್ತು. ಮೂವರಲ್ಲಿ ಇಂಗ್ಲಿಷ್ ಪೇಪರಿನಲ್ಲಿ ಪಾಸಾದವನು ನಾನೊಬ್ಬನೇ ಆದ್ದರಿಂದ ಕಥೆ ಹೇಳುವ ಜವಾಬ್ದಾರಿ ನನ್ನ ತಲೆಗೆ ಬಂತು. ಪರದೆಯ ಮೇಲೆ ಯಾರು ತುಟಿ ಅಲ್ಲಾಡಿಸಿದರೂ ನಾನು ಕನ್ನಡದಲ್ಲಿ ಮಾತಾಡಿದೆ. ಅಣ್ಣತಮ್ಮಂದಿರನ್ನು ಅಗಲಿಸಿದೆ, ಮುದುಕನೊಬ್ಬನನ್ನು ನಾಯಕನ ಅಪ್ಪನನ್ನಾಗಿ ಮಾಡಿದೆ, ಅವನನ್ನು ಸಾಯಿಸಿ ಗೆಳೆಯರಿಬ್ಬರನ್ನೂ ಅಳಿಸಿದೆ. ಮುಂದೆ ಎಷ್ಟೋ ವರ್ಷ ಅದೇ ಕಥೆಯನ್ನು ಹೇಳುತ್ತ ಹೇಳುತ್ತ, ಅದು ನಾನು ಕಟ್ಟಿದ್ದು ಎಂಬುದೇ ನನಗೆ ಮರೆತುಹೋಯಿತು.

ಈಗ ನಾನು ಗೋಕಾಕದಲ್ಲಿ ಇಂಗ್ಲಿಷ್ ಮಾಸ್ತರ. ಶಿವಾನಂದನದು ಮೂಡಲಗಿಯಲ್ಲಿ ಫೋಟೋ ಸ್ಟುಡಿಯೋ. ರಾಯಪ್ಪ ಹುಕ್ಕೇರಿಯಲ್ಲಿ ಜೆಸಿಬಿ ಇಟ್ಟುಕೊಂಡು ತಾನೇ ನಡೆಸುತ್ತಾನೆ. ಊರುಗಳೇನೂ ದೂರವಲ್ಲ, ಆದರೂ ನಾವು ಸಿಗುವುದು ಯಾರದಾದರೂ ಮದುವೆಯಲ್ಲಿ, ಊಟದ ಪಾಳಿಯಲ್ಲಿ. “ಆರಾಮ?” “ಆರಾಮ.” ಅಷ್ಟರಲ್ಲಿ ಬುಂದೆ ಬಡಿಸುವವನು ಬರುತ್ತಾನೆ, ಮಾತು ಮುಗಿಯುತ್ತದೆ. ಹೋದ ಸಲ ರಾಯಪ್ಪ ತಾಟು ಹಿಡಿದುಕೊಂಡೇ ಹೇಳಿದ: “ಒಮ್ಮೆ ಮೂರೂ ಮಂದಿ ಕೂಡಿ ಕುಂತ ಆ ರೋಬೋಟ್ ಸಿನಿಮಾ ನೋಡೋಣಲೇ ಮಾಸ್ತರ. ಇಲ್ಲಂದ್ರ ಹಿಂಗಽ ಪಾಳೇದಾಗ ಭೆಟ್ಟಿ ಆಗಿ ಆಗಿ ಮುಗದ ಹೋಗ್ತೇವಿ.” ಅವನು ನಗುತ್ತಲೇ ಹೇಳಿದ. ನಾನು ಮಾತ್ರ ಬುಂದೆಯ ತಾಟು ಕೆಳಗಿಟ್ಟೆ. ಮೂವರೂ, ಒಂದೇ ಕಡೆ, ಮೂರೂ ಚಿತ್ರ, ಮೊದಲಿನಿಂದ ಕೊನೆಯವರೆಗೆ ನೋಡಿಯೇ ತೀರಬೇಕೆಂದು ಅಲ್ಲೇ ನಿಶ್ಚಯಿಸಿದೆ.

ದಿನ ಗೊತ್ತುಮಾಡುವುದು ಮಾತ್ರ ಹೆಣ್ಣು ಗೊತ್ತುಮಾಡುವುದಕ್ಕಿಂತ ಕಷ್ಟವಾಯಿತು. ನನಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಭಾನುವಾರವೆಂದರೆ ಶಿವಾನಂದನಿಗೆ ಮದುವೆಯ ಫೋಟೋ. ಮದುವೆ ಇಲ್ಲದ ದಿನ ರಾಯಪ್ಪನಿಗೆ ಎಲ್ಲೋ ಹೊಲ ಸಮ ಮಾಡುವ ಕೆಲಸ. ನಾಲ್ಕು ಭಾನುವಾರ ಹಾಗೇ ಕೈತಪ್ಪಿದವು. ಐದನೆಯದರ ಹಿಂದಿನ ದಿನ ಕ್ಯಾಲೆಂಡರಿನ ಮುಂದೆ ನಿಂತವನಿಗೆ ಹೊಳೆಯಿತು: ಅಮಾವಾಸ್ಯೆ! ಅಂದು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ರಾಯಪ್ಪನೂ ಅಂದು ಜೆಸಿಬಿಯನ್ನು ತೊಳೆದು, ಪೂಜೆ ಮಾಡಿ, ಕಾಯಿ ಒಡೆದು ನಿಲ್ಲಿಸಿಬಿಡುತ್ತಾನೆ. ಭಾನುವಾರ ಬರುವ ಅಮಾವಾಸ್ಯೆಯನ್ನು ಹುಡುಕುತ್ತ ತಿಂಗಳುಗಳನ್ನು ಮಗುಚಿದೆ. “ಛಲೋ ಕೆಲಸಕ್ಕ ಅಮಾಸಿ ಹುಡುಕಾವ್ರನ್ನ ನಾ ಇವತ್ತಽ ನೋಡಿದ್ದು” ಎಂದಳು ಹೆಂಡತಿ. ಮೂರು ತಿಂಗಳಾಚೆ ಒಂದು ಸಿಕ್ಕಿತು. ಕಾದೆ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂಡಲಗಿಯ ಸ್ಟುಡಿಯೋದಲ್ಲಿ ಮೂವರೂ ಸೇರಿದೆವು. ರಾಯಪ್ಪನ ಹಣೆಯ ಮೇಲೆ ಪೂಜೆಯ ಅರಿಸಿನದ ಭಂಡಾರ ಇನ್ನೂ ಹಸಿಯಾಗಿತ್ತು. ಬಿಳಿ ಪರದೆ ಇಳಿಬಿಟ್ಟು ಶಿವಾನಂದ ಪ್ರೊಜೆಕ್ಟರ್ ಹಚ್ಚಿದ. ಈ ಸಲ ಇಂಗ್ಲಿಷ್ ಅಕ್ಷರ ಇರುವ ಪ್ರತಿಯೇ ಬೇಕೆಂದು ಹಟ ಮಾಡಿದವನು ನಾನೇ. ನೋಡುವುದಾದರೆ ಶಾಸ್ತ್ರೋಕ್ತವಾಗಿ ನೋಡಬೇಕು ಎಂದು ಫೋನಿನಲ್ಲಿ ಭಾಷಣವನ್ನೂ ಬಿಗಿದಿದ್ದೆ.

ಹತ್ತೇ ನಿಮಿಷದಲ್ಲಿ ನನ್ನ ಬೆನ್ನಲ್ಲಿ ಬೆವರು ಇಳಿಯತೊಡಗಿತು. ನಾನು ಅಪ್ಪನೆಂದು ಕೊಂದು ಅಳಿಸಿದ್ದ ಮುದುಕ ಬರೀ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಅಗಲಿದ ಅಣ್ಣತಮ್ಮಂದಿರು ನೆರೆಮನೆಯವರೂ ಅಲ್ಲ. “ಅಕ್ಷರ ಭಾಳ ಜೋರ ಓಡ್ತಾವು, ನೀನಽ ಹೇಳಪಾ ಮಾಸ್ತರ” ಎಂದ ರಾಯಪ್ಪ. ಕೆಮ್ಮಿದೆ. ನೀರು ಕುಡಿದೆ. ಹಳೆಯ ಕಥೆಯನ್ನೇ ಹೇಳತೊಡಗಿದೆ.

ಕೊನೆಗೆ, ಅಂದು ನಾಯಕನ ಬಾಯಿಂದ ನಾನು ದೊಡ್ಡ ಮಾತು ಆಡಿಸಿದ್ದ ದೃಶ್ಯ ಬಂತು. ಪಾರಾಗಿ ಹೊರಟಿದ್ದ ಯಂತ್ರಮಾನವ ಸೇತುವೆಯ ಮೇಲೆ ಗರಕ್ಕನೆ ತಿರುಗಿ, ಉರಿಯುವ ಊರಿನ ಕಡೆ ಹೋಗುತ್ತಾನೆ. “ನಿಲ್ಸಲೇ, ನಿಲ್ಸು!” ಎಂದು ರಾಯಪ್ಪ ಎದ್ದು, ಪರದೆಗೆ ಬೆನ್ನು ಮಾಡಿ ನಮ್ಮ ಮುಂದೆ ನಿಂತ. “ಇದನ್ನ ನಾ ಯಾರ ಮುಂದೂ ಹೇಳಿಲ್ಲ. ಹೊಳಿ ಏರಿ ಬಂದ ವರ್ಷ ನಾಗನೂರ ಕಡಿಂದ ಜೆಸಿಬಿ ಗಾಡಿ ತಗೊಂಡ ಮನಿಗೆ ಹೊಂಟಿದ್ನಿ. ಹಾದಿ ಖುಲ್ಲಾ ಇತ್ತು. ಹಿಂದ ಒಂದ ಮುದುಕಿ ಒದರಿದ್ದು ಕೇಳಿಸ್ತು. ಖರೆ ಹೇಳ್ತೇನಿ, ಅಂಜಿಕಿ ಬಂದಿತ್ತ ನನಗ. ಆಗ ಈ ಸಿನಿಮಾದಾಗಿನ ಹುಡುಗ ಇಲ್ಲೇ ಹೇಳಿದ್ದು ನೆನಪಾತು. ‘ನನ್ನ ಮಂದಿ ಅಲ್ಲೇ ಅದಾರ, ನಾ ಹೆಂಗ ಹೋಗ್ಲಿ?’ ಗಾಡಿ ತಿರುವಿದ್ನಿ. ನೀರಾಗ ನಾಕ ಸಲಾ ಹೋಗಿ, ಬಕೆಟ್ಟಿನ್ಯಾಗ ಕುಂದ್ರಿಸಿಕೊಂಡ ಮಂದೀನ್ನ ತಂದ್ನಿ.”

ಅವನ ಬೆನ್ನ ಹಿಂದೆ, ಪರದೆಯ ಮೇಲೆ, ಆ ತರುಣನ ಮಾತು ಇಂಗ್ಲಿಷಿನಲ್ಲಿ ದಪ್ಪಗೆ ನಿಂತಿತ್ತು: “ಎಡಗಾಲು ಸಿಕ್ಕಿಬಿದ್ದಿದೆ. ನಾನು ತಿರುಗಿಸುತ್ತಿಲ್ಲ, ಇದೇ ತಿರುಗುತ್ತಿದೆ!”

ರಾಯಪ್ಪ ಪರದೆಯ ಕಡೆ ಹೊರಳಿದ. “ಏನ ಬರದಾರ ಓದು. ಅದಽ ಹೌದಲ್ಲೋ?” ಮಕ್ಕಳಿಗೆ ಸುಳ್ಳು ಹೇಳಬಾರದೆಂದು ವರ್ಷಗಟ್ಟಲೆ ಕಲಿಸಿದ ಬಾಯಿ ನನ್ನದು. “ಅದಽ. ಅಕ್ಷರ ಬಿಡದಂಗ ಅದಽ ಐತಿ” ಎಂದೆ.

ಮೊದಲ ಚಿತ್ರ ಮುಗಿದಾಗ ರಾಯಪ್ಪ ಚಹಾ ಹೇಳಲು ಹೊರಗೆ ಹೋದ. ಶಿವಾನಂದ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ: “ಪ್ರೊಜೆಕ್ಟರ್ ತಪಾಸ ಮಾಡಾಕ ಹೋದ ವಾರ ಮೂರೂ ಪೂರಾ ನೋಡೇನಿ. ಡಿಕ್ಷನರಿ ಹಿಡಕೊಂಡ ನೋಡೇನಿ.” ನನ್ನ ಮುಖ ಇದ್ದಿಲಾಯಿತು. ಅವನು ಯಾವುದೋ ಗುಂಡಿ ಒತ್ತಿದ. “ಇನ್ನ ಎರಡಕ್ಕ ಅಕ್ಷರ ಬಂದ್ ಮಾಡೇನಿ. ನೀ ಹೇಳು. ಆ ಜಪಾನದವ್ರಿಗಿಂತ ನಿಂದಽ ಛಲೋ ಐತಿ.”

ಉಳಿದೆರಡನ್ನೂ ಹೇಳಿದೆ. ಗಂಟಲು ಕಟ್ಟುವ ತನಕ ಹೇಳಿದೆ. ರಾಯಪ್ಪ ಅತ್ತ, ಶಿವಾನಂದ ಎಲ್ಲ ಗೊತ್ತಿದ್ದೂ ಅತ್ತ, ಅವರನ್ನು ನೋಡಿ ನಾನೂ ಅತ್ತೆ. ಸಂಜೆ ಗೋಕಾಕದ ಬಸ್ಸು ಹತ್ತುವಾಗ ಶಿವಾನಂದ ಒಂದು ಪೆನ್‌ಡ್ರೈವ್ ನನ್ನ ಜೇಬಿಗೆ ಹಾಕಿದ. “ಅಕ್ಷರ ಇದ್ದದ್ದು. ನೀನರ ಒಮ್ಮೆ ಸಮಾಧಾನದಿಂದ ನೋಡು.”

ಆ ಚಿತ್ರಗಳನ್ನು ನೋಡಿಯೇ ತೀರುತ್ತೇನೆಂದು ಮೂರು ತಿಂಗಳು ಅಮಾವಾಸ್ಯೆಗೆ ಕಾದವನು ನಾನು. ಅವರಿಬ್ಬರೂ ನೋಡಿ ಮುಗಿಸಿ ಹಾಯಾಗಿದ್ದಾರೆ. ಹೇಳುವುದರಲ್ಲೇ ಮುಳುಗಿದ್ದ ನಾನು ಮಾತ್ರ ಇನ್ನೂ ಒಮ್ಮೆಯೂ ನೋಡಿಲ್ಲ. ಪೆನ್‌ಡ್ರೈವ್ ಕಪಾಟಿನಲ್ಲೇ ಇದೆ. ಅದನ್ನು ಮುಟ್ಟಬಾರದೆಂದು ಈಗ ಹೊಸ ಹಟ ಹಿಡಿದಿದ್ದೇನೆ. ನೋಡಿದರೆ ಕಥೆ ಗೊತ್ತಾಗಿಬಿಡುತ್ತದೆ.