ತುಕ್ಕು ಹಿಡಿಯದ ಈಳಿಗೆ

ಮನುಕುಲದ ನಾಗರಿಕತೆಯನ್ನು ಅದು ಬಳಸಿದ ವಸ್ತುಗಳಿಂದ ಅಳೆಯುವುದು ಇತಿಹಾಸಕಾರರ ಪದ್ಧತಿ. ಕಲ್ಲಿನ ಯುಗದಿಂದ ಕಂಚಿಗೆ, ಕಂಚಿನಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಉಕ್ಕಿಗೆ ಏರುತ್ತ ಬಂದ ಮನುಷ್ಯ ನಮ್ಮ ಮನೆಯ ಅಡುಗೆಕೋಣೆಯ ಹೊಸ್ತಿಲಿಗೆ ಬಂದಾಗ ಮಾತ್ರ ಕಬ್ಬಿಣದಲ್ಲೇ ಕೂತುಬಿಟ್ಟಿದ್ದ. ಕೂತ ಜಾಗ ಒಂದು ಈಳಿಗೆ. ನನ್ನ ಹೆಂಡತಿ ಶರಣಮ್ಮ ಮದುವೆಯಾಗಿ ಸಂತೆಕಲ್ಲೂರಿನಿಂದ ಮಸ್ಕಿಗೆ ಬರುವಾಗ ಅವಳ ತಾಯಿ ಕೊಟ್ಟದ್ದು. ಅದರಲ್ಲಿ ಹೆಚ್ಚಿದ ಬದನೆಕಾಯಿ ಒಲೆ ಮುಟ್ಟುವ ಮೊದಲೇ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಮುಟ್ಟದೆ ಬಿಟ್ಟರೆ ಅಲಗಿನ ಮೇಲೆ ಕೆಂಪು ತುಕ್ಕು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತನಾದ ಮನುಷ್ಯನ ಮನೆಯಲ್ಲಿ ತುಕ್ಕು ಇರಬಾರದು ಎಂಬುದು ನನ್ನ ನಿಲುವು. ನಿವೃತ್ತನ ನಿಲುವಿಗೆ ಮನೆಯಲ್ಲಿ ಎಷ್ಟು ಬೆಲೆಯೋ ಅಷ್ಟೇ ಬೆಲೆ ಇದಕ್ಕೂ ಸಿಕ್ಕಿತು.

ಮೊದಲು ಲಿಂಗಸುಗೂರಿನ ಪಾತ್ರೆ ಅಂಗಡಿಯಿಂದ ಥಳಥಳ ಹೊಳೆಯುವ ಸ್ಟೀಲಿನ ಈಳಿಗೆಯೊಂದನ್ನು ತಂದೆ. ಮುಖ ನೋಡಿಕೊಳ್ಳಲು ಅದು ಬಹಳ ಚೆನ್ನಾಗಿತ್ತು. ವಾರ ಕಳೆಯುವಷ್ಟರಲ್ಲಿ ಈರುಳ್ಳಿಯನ್ನು ಕತ್ತರಿಸುವುದು ಬಿಟ್ಟು ಜಜ್ಜತೊಡಗಿತು. ಮನಸ್ಸಿಗೆ ಬಹಳ ಹತ್ತಿ, ಮೊಬೈಲಿನಲ್ಲಿ ಓದಿ ಓದಿ ಸತ್ಯ ಕಂಡುಕೊಂಡೆ. ತುಕ್ಕು ಹಿಡಿಯದ ಉಕ್ಕಿನಲ್ಲಿ ಹಲವು ಜಾತಿಗಳಿವೆಯಂತೆ. ತಟ್ಟೆ ಲೋಟಗಳ ಸ್ಟೀಲು ಮೆತ್ತನೆಯದು. ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗದು. ಇನ್ನೊಂದು ಜಾತಿಯ ತಗಡಿದೆ, ಅದರಲ್ಲಿ ಇಂಗಾಲ ತುಸು ಹೆಚ್ಚು. ಕಿತ್ತಳೆ ಬಣ್ಣ ಬರುವ ತನಕ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಕಲ್ಲಿನಂತಾಗುತ್ತದೆ. ಚಾಕು, ಕತ್ತರಿ, ಡಾಕ್ಟರರ ಶಸ್ತ್ರ, ಪಂಪಿನ ದಂಡ ಎಲ್ಲ ಅದರವೇ. ಅದಕ್ಕೆ ಅಯಸ್ಕಾಂತವೂ ಹತ್ತುತ್ತದೆ. ‘ಸ್ಟೀಲಿಗೆ ಅಯಸ್ಕಾಂತ ಹತ್ತುವುದಿಲ್ಲ’ ಎಂದು ಮೂವತ್ತು ವರ್ಷ ಬರೆಸಿದ ಟಿಪ್ಪಣಿಯನ್ನು ಮನಸ್ಸಿನಲ್ಲೇ ತಿದ್ದಿಕೊಂಡೆ. ಬರೆದುಕೊಂಡವರಿಗೆ ತಿಳಿಸಲು ಹೋಗಲಿಲ್ಲ.

ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಅಲ್ಲಿ ಅಕ್ಕಿ ಗಿರಣಿಗಳ ಯಂತ್ರಕ್ಕೆ ಬೇಕಾದ ಬ್ಲೇಡು, ಜರಡಿ ಮಾಡಿಕೊಡುವ ಖಾಜಾಸಾಬರ ವರ್ಕ್‌ಶಾಪಿದೆ. ಮೂಲೆಯಲ್ಲಿ ಬಿದ್ದ ತುಂಡು ತಗಡುಗಳಿಗೆಲ್ಲ ಅಯಸ್ಕಾಂತ ಹಚ್ಚಿ, ಹತ್ತದಿದ್ದುದನ್ನು ಮುಖ ಸಿಂಡರಿಸಿ ಕೆಳಗಿಡುತ್ತಿದ್ದೆ. ಖಾಜಾಸಾಬರು ವೆಲ್ಡಿಂಗ್ ನಿಲ್ಲಿಸಿ ನೋಡಿದರು.

“ಮಾಸ್ತರ್ರ, ಮಂದಿ ಮ್ಯಾಗ್ನೆಟ್ ಹತ್ತಿದ್ರ ನಕಲಿ ಮಾಲ್ ಅಂತ ನನ್ನ ಬೈತಾರ. ನೀವು ಹತ್ತಲಿಲ್ಲಂತ ಬೈಯಾಕತ್ತೀರಿ. ನಾ ಯಾರಿಗಂತ ಜವಾಬ್ ಕೊಡ್ಲಿ?”

ನಾನು ನನ್ನ ಶೋಧವನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಹತ್ತೋದರಾಗೂ ಎರಡು ನಮೂನಿ ಅದಾವ್ರಿ. ಒಂದು ಕಾಸಿದ್ರ ಗಟ್ಟಿ ಆಗ್ತದ. ಇನ್ನೊಂದು ಎಷ್ಟು ಕಾಸಿದ್ರೂ ಹಂಗಽ ಇರ್ತದ” ಎಂದರು. ಎರಡನೆಯ ನಮೂನೆ ನನಗೆ ಹೊಸದಲ್ಲ. ಹಿಂದಿನ ಬೆಂಚಿನಲ್ಲಿ ಅಂಥವರನ್ನು ಸಾಲುಸಾಲಾಗಿ ಕಂಡವನು ನಾನು. ಗಿರಣಿಯ ಬ್ಲೇಡು ಕತ್ತರಿಸಿ ಉಳಿದ ಮೊದಲ ನಮೂನೆಯ ತುಂಡೊಂದನ್ನು ಅವರೇ ಆರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟರು.

ಮನೆಯಲ್ಲಿ ತಗಡನ್ನು ಹೆಂಡತಿಯ ಮುಂದಿಟ್ಟು ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಬಂಡೆಯ ಮೇಲೆ ಕೊರೆದ ಶಾಸನ ನೋಡಲು ದೂರದಿಂದ ಜನ ಬರುವ ಊರು ನಮ್ಮದು; ನಮ್ಮ ಮನೆಯ ಶಾಸನಗಳಿಗೆ ಬಂಡೆ ಬೇಕಾಗುವುದಿಲ್ಲ.

“ಎಳ್ಳಮಾಸಿಗೆ ನಮ್ಮ ತಮ್ಮ ಬರ್ತಾನ, ಹೊಲಕ್ಕ ಬುತ್ತಿ ಒಯ್ಯಬೇಕು” ಎಂದಳು. “ಅವತ್ತು ಅಷ್ಟು ದೊಡ್ಡ ಕುಂಬಳಕಾಯಿ ನಿಮ್ಮ ಈಳಿಗಿ ಹೆಚ್ಚಿತು ಅಂದ್ರ, ನಮ್ಮವ್ವನ ಈಳಿಗಿ ಅಟ್ಟಕ್ಕ ಹೋಗ್ಲಿ. ಹೆಚ್ಚಲಿಲ್ಲ ಅಂದ್ರ, ಅವತ್ತಿಂದ ಕಾಯಿಪಲ್ಲೆ ಹೆಚ್ಚೋರು ನೀವು, ಅದೂ ನಮ್ಮವ್ವನ ಈಳಿಗಿ ಮ್ಯಾಲೇ.”

ನಾನು ಒಪ್ಪಿದೆ. ಗೆಲ್ಲುವುದು ಖಚಿತವಾದಾಗ ಮನುಷ್ಯ ಎಷ್ಟು ಉದಾರಿಯಾಗುತ್ತಾನೆ.

ನಮ್ಮೂರಿನ ಕಂಬಾರ ಮಾನಪ್ಪ ಹಿಂದೆ ನನ್ನ ವಿದ್ಯಾರ್ಥಿ. ಎಳ್ಳು ಅಮಾವಾಸ್ಯೆಯ ಮುನ್ನಾದಿನ ಮಧ್ಯಾಹ್ನ ತಗಡನ್ನೂ ಹಳೆಯ ಈಳಿಗೆಯನ್ನೂ ಅವನ ಕುಲುಮೆಗೆ ಒಯ್ದೆ. ಮಣೆ ಹಳೆಯದೇ, ಅಲಗು ಮಾತ್ರ ಹೊಸದು ಎಂಬುದು ನನ್ನ ಯೋಜನೆ. ಅವನು ಅಲಗು ಕತ್ತರಿಸಿ, ಬಗ್ಗಿಸಿ, ಅಂಚು ತೆಗೆದು ಬೆಂಕಿಗಿಟ್ಟ. “ಇದು ಬಾಳ ಕಾವು ಕೇಳ್ತೈತ್ರಿ ಸರ್” ಎನ್ನುತ್ತ ಬಹಳ ಹೊತ್ತು ಗಾಳಿ ಹಾಕಿದ. ಕಿತ್ತಳೆ ಬಣ್ಣ ಬಂದಾಗ ಎಣ್ಣೆಯಲ್ಲಿ ಅದ್ದಿದ. ಗಟ್ಟಿಯಾಯಿತೇ ಎಂದು ನೋಡಲು ಕಬ್ಬಿಣ ತೇಯುವ ಅರವನ್ನು ಮೇಲೆ ಉಜ್ಜಿದರೆ ಅರ ಕಚ್ಚದೆ ಜಾರಿತು. ನಾನು ಕೈಚಾಚಿದೆ.

“ಈಗಽ ಒಯ್ಯಬ್ಯಾಡ್ರಿ. ಇದಕ್ಕ ಇನ್ನೊಮ್ಮಿ ಸಣ್ಣ ಕಾವು ಕೊಟ್ಟು ಎರಡು ತಾಸು ಇಡಬೇಕು. ಇವತ್ತು ಸಂಜೀಗೆ ಅಮಾಸಿ ಹತ್ತತೈತಿ, ಕುಲುಮಿ ಆರಿಸ್ತೀನಿ. ನಾಡದ್ದು ಬರ್ರಿ.”

“ಅಮಾವಾಸ್ಯೆಗೂ ಉಕ್ಕಿಗೂ ಏನಪ್ಪ ಸಂಬಂಧ?” ಎಂದೆ, ತರಗತಿಯ ದನಿಯಲ್ಲಿ.

“ಉಕ್ಕಿಗೇನಿಲ್ರಿ. ನಮ್ಮಪ್ಪ ಅಮಾಸಿಗೆ ಕುಲುಮಿ ಹೊತ್ತಿಸ್ತಿದ್ದಿಲ್ಲ, ನಾನೂ ಹೊತ್ತಿಸಂಗಿಲ್ಲ. ನಿಮಗ ಅಷ್ಟು ಅವಸರ ಯಾಕ?”

ಅವಸರ ಎಂಬ ಮಾತಿಗೆ ನನಗೊಂದು ಹಳೆಯ ಉತ್ತರಪತ್ರಿಕೆ ನೆನಪಾಯಿತು. ‘ಉಕ್ಕನ್ನು ಕಾಯಿಸಿ ಅದ್ದಿದ ನಂತರ ಏನು ಮಾಡಬೇಕು?’ ಎಂಬ ಎರಡು ಅಂಕದ ಪ್ರಶ್ನೆಗೆ ಈ ಮಾನಪ್ಪ ‘ಅವಸರ ಮಾಡಬಾರದು’ ಎಂದು ಬರೆದಿದ್ದ. ‘ಮತ್ತೆ ಮಿತವಾಗಿ ಕಾಯಿಸಿದರೆ ಪೆಡಸುತನ ಹೋಗುತ್ತದೆ’ ಎಂಬುದು ನಾನು ಬರೆಸಿದ ಉತ್ತರ. ಸೊನ್ನೆ ಹಾಕಿ, ಇಡೀ ತರಗತಿಗೆ ಓದಿ ನಗಿಸಿದ್ದೆ. ಆ ನಗು ನೆನಪಾಯಿತೇ ಹೊರತು ನಾನೇ ಬರೆಸಿದ ಉತ್ತರ ನೆನಪಾಗಲಿಲ್ಲ. ಗಟ್ಟಿಯಾದದ್ದನ್ನು ಮತ್ತೆ ಕಾಯಿಸಿ ಮೆತ್ತಗೆ ಮಾಡುವುದು ಕುಲುಮೆಯವರ ಮೂಢನಂಬಿಕೆ ಎಂದು ತೀರ್ಮಾನಿಸಿ, ಅಲಗನ್ನು ಮಣೆಗೆ ಕೂಡಿಸಲು ಹೇಳಿದೆ. ಮಾನಪ್ಪ ಎರಡನೆಯ ಸಲ ಹೇಳಲಿಲ್ಲ. ಗುರುಗಳೆಂಬ ಗೌರವ.

ಮನೆಯಲ್ಲಿ ಕಲ್ಲಿಗೆ ಮಸೆದೆ. ಕಲ್ಲು ಸವೆಯಿತು, ಅಲಗು ಸವೆಯಲಿಲ್ಲ. ಹೆಮ್ಮೆಯಿಂದ ಊಟ ರುಚಿಸಿತು.

ಬೆಳಿಗ್ಗೆ ಮೈದುನ ಬಸಣ್ಣ ಟ್ರ್ಯಾಕ್ಟರ್ ತಂದ. ಈಳಿಗೆಯ ಮೇಲೆ ನಾನೇ ಕೂತೆ. ಇಂಥ ಗಳಿಗೆಯನ್ನು ಬೇರೆಯವರಿಗೆ ಬಿಡಲಾಗುವುದಿಲ್ಲ. ಬದನೆಕಾಯಿ ಹೆಚ್ಚಿದೆ, ಬಿಳಿಯಾಗಿಯೇ ಉಳಿಯಿತು. ಟೊಮೆಟೊ ಹೆಚ್ಚಿದೆ, ಕೂದಲೆಳೆಯಂತೆ ಬಂತು. ಶರಣಮ್ಮ ಕುಂಬಳಕಾಯಿ ತಂದಿಟ್ಟಳು. ಎರಡೂ ಕೈಯಲ್ಲಿ ಹಿಡಿದು ಒತ್ತಿದೆ. ಅರ್ಧ ಇಳಿಯಿತು. ಇನ್ನಷ್ಟು ಬಲ ಹಾಕಿ ತುಸು ಹೊರಳಿಸಿದೆ. ಟಣ್ ಎಂದಿತು. ಮಣೆಯ ಮೇಲೆ ಎರಡು ಬೆರಳುದ್ದದ ಮೊಂಡು ಉಳಿಯಿತು; ಮಿಕ್ಕ ಅಲಗು ಕುಂಬಳಕಾಯಿಯೊಳಗೆ ತುಕ್ಕಿನ ಸುಳಿವೂ ಇಲ್ಲದೆ ಹೊಳೆಯುತ್ತಿತ್ತು.

“ಕುಂಬಳಕಾಯಿ ಬಾಳ ಗಟ್ಟಿ ಐತಿ ಬಿಡ್ರಿ ಮಾವ, ನಿಮ್ಮ ತಪ್ಪಿಲ್ಲ” ಎಂದ ಬಸಣ್ಣ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟ್ರ್ಯಾಕ್ಟರಿನಿಂದ ಕುಡಗೋಲು ತಂದ. ಅದರ ತುಂಬ ತುಕ್ಕಿತ್ತು. ಅದು ಕುಂಬಳಕಾಯಿಯನ್ನು ಕತ್ತರಿಸಿತು.

“ನಮ್ಮವ್ವನ ಅಲಗು ಎಲ್ಲೈತಿ?” ಎಂದು ಶರಣಮ್ಮ ಮೆಲ್ಲಗೆ ಕೇಳಿದಳು. ಅದನ್ನು ಕುಲುಮೆಯ ಗುಜರಿ ರಾಶಿಗೆ ಎಸೆದು ಬಂದವನು ನಾನೇ. ಹೊಲದಲ್ಲಿ ಕೂತು ಉಂಡ ಬುತ್ತಿಯಲ್ಲಿ ಕುಂಬಳಕಾಯಿ ಪಲ್ಲೆಯಿತ್ತು ಎಂಬುದಷ್ಟೇ ನೆನಪು.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಮಾನಪ್ಪನ ಮುಂದೆ ಎರಡು ತುಂಡು ಇಟ್ಟೆ. ಅವನು ನಗಲಿಲ್ಲ. ಜಂತಿಯ ಸಂದಿನಿಂದ ಗೋಣಿತಟ್ಟಿನಲ್ಲಿ ಸುತ್ತಿದ್ದ ಹಳೆಯ ಅಲಗನ್ನು ಇಳಿಸಿದ. ಅದಕ್ಕೆ ಎಣ್ಣೆ ಹಚ್ಚಿತ್ತು.

“ಇದನ್ನ ಯಾಕ ಎತ್ತಿಟ್ಟಿದ್ದೆಪ್ಪ?”

“ನೀವು ಅವಸರದಾಗಿದ್ರಿ ಸರ್. ಬೇಕಾಗ್ತೈತಿ ಅನ್ನಿಸ್ತು.”

ಎರಡು ಅಂಕ ಈಗ ಕೊಡೋಣವೆಂದರೆ ನನ್ನ ಬಳಿ ಉತ್ತರಪತ್ರಿಕೆ ಇರಲಿಲ್ಲ.

ಹಳೆಯ ಅಲಗನ್ನು ಮಣೆಗೆ ಕೂಡಿಸಿ, ಮುರಿದ ತುಂಡಿಗೆ ಅವನು ಮತ್ತೆ ಮೊದಲಿನಿಂದ ಕಾವು ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಆಮೇಲೆ ಎರಡು ತಾಸು ಸಣ್ಣ ಕಾವಿನಲ್ಲಿಟ್ಟು ಒಂದು ಚಾಕು ಮಾಡಿಕೊಟ್ಟ. ಆರು ತಿಂಗಳಾದರೂ ಅದು ತುಕ್ಕು ಹಿಡಿದಿಲ್ಲ, ಮೊಂಡಾಗಿಲ್ಲ, ಮುರಿದಿಲ್ಲ. ನಾನು ಓದಿದ್ದೆಲ್ಲ ನಿಜ ಎಂದು ಅದು ದಿನವೂ ಸಾರುತ್ತಿದೆ. ಶರಣಮ್ಮ ಅದನ್ನು ಹಣ್ಣು ಕೊಯ್ಯಲು ಇಟ್ಟುಕೊಂಡಿದ್ದಾಳೆ. ನನ್ನ ಕೈಗೆ ಕೊಡುವುದಿಲ್ಲ.

ಕಾಯಿಪಲ್ಲೆ ನಾನು ಹೆಚ್ಚುತ್ತೇನೆ, ಅತ್ತೆಯವರ ಈಳಿಗೆಯಲ್ಲಿ. ಬದನೆಕಾಯಿ ಕಪ್ಪಾಗುತ್ತದೆ.