ಬಾಯಿ ಕೆಳಗಾದ ಹೂದಾನಿ

ನನ್ನ ಸೋದರಮಾವ ಚನ್ನಪಟ್ಟಣ ಬಿಟ್ಟು ಎಲ್ಲಿಗೂ ಹೊರಡುವವರಲ್ಲ. ಆದರೆ ಅವರ ಮನೆ ಮಾತ್ರ ಯಾವ ಗಳಿಗೆಯಲ್ಲಾದರೂ ಹಾರಿಹೋಗಬಹುದು!

ಬಣ್ಣದ ಗೊಂಬೆ ಕಡೆಯುವುದು ಅವರ ಕಸುಬು. ಫೋನಿನಲ್ಲಿ ರಾಕೆಟ್ ಏರುವುದನ್ನು ನೋಡಿದ ಮೇಲೆ ಗೊಂಬೆಗಳು ಮೂಲೆ ಸೇರಿದವು. ಎಂಜಿನ್ನಿನ ತಳದಲ್ಲಿ ಬೆಂಕಿ ಉಗುಳುವ ಗಂಟೆಯಾಕಾರದ ಕೊಳವೆ ಇರುತ್ತದಲ್ಲ, ಅದೇ ಆಕಾರದಲ್ಲಿ ಮರ ಕಡೆದು, ಬಣ್ಣದ ಅರಗು ಹತ್ತಿಸಿ ಮನೆ ತುಂಬಿದರು. ಬಟ್ಟೆಯ ಗೂಟ ಅದೇ, ಬಾಗಿಲ ಹಿಡಿಯೂ ಅದೇ.

ಅತ್ತೆ ಹೇಗೆ ಸಹಿಸಿದರು? ಅವರಿಗೆ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಸುಕಾಗಿತ್ತು. ಆಪರೇಷನ್ ಮಾಡಿದರೂ ಖಾತ್ರಿ ಹೇಳಲಾರೆ ಎಂದಿದ್ದರು ಡಾಕ್ಟರು. ಆ ಮಾತೆತ್ತಿದರೆ ಮಾವ ಎದ್ದು ಹೋಗಿ ಇನ್ನೊಂದು ಎಂಜಿನ್ ಕಡೆಯುತ್ತಿದ್ದರು.

ಹೂದಾನಿಯೊಂದನ್ನು ಮಾಡಿದರು. ಅಗಲದ ಬಾಯಿ ಕೆಳಕ್ಕೆ.

"ಹೂ ಎಲ್ಲಿಡೋದು ಮಾವ?"

"ಪಕ್ಕದಾಗಿಡು."

"ಮಗುಚಿಟ್ಟರೆ?"

"ರಾಕೆಟ್ಟು ಭೂಮಿ ಒಳೀಕೆ ಹೋಯ್ತದೆ ಕಣ್ಲಾ. ಎಂ.ಎ. ಓದಿದ್ದೀಯ, ಅಷ್ಟೂ ಗೊತ್ತಾಗಕಿಲ್ವಾ?"

ಆಮೇಲೆ ಐದು ಕಾಲಿನ ಸ್ಟೂಲು. ಒಂದು ಎಂಜಿನ್ ಕೆಟ್ಟರೂ ಮಿಕ್ಕವು ಭಾರ ಹೊರುತ್ತವಂತೆ. ನಂಬಿ ಕುಳಿತೆ, ಬಿದ್ದೆ. ನನ್ನ ಡೈರಿಯಲ್ಲಿ 'ಜಾರಿದೆ' ಎಂದಿದೆ. ಬರೆಯುವಾಗಲೇ ಮಾನ ಉಳಿಸಿಕೊಂಡಿರಬೇಕು.

ಒಳಗಿನಿಂದ ಅತ್ತೆ ಕೂಗಿದರು: "ಏನ್ರೀ ಬಿತ್ತು? ಏನೂ ಆಗಿಲ್ಲ ತಾನೆ?"

"ಇಲ್ಲ, ಸ್ಟೂಲು ಗಟ್ಟಿಯಾಗೈತೆ," ಎಂದರು ಮಾವ.

ಕೊನೆಗೂ ಅತ್ತೆಯ ಮಸುಕಾದ ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅತ್ತೆ, "ಒಸಿ ಬೆಳಕೈತೆ, ಎಲ್ಲಾ ಮಂಜು," ಎಂದರಷ್ಟೆ. ಕಾಯಬೇಕು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಮಾವ ಏನನ್ನೂ ಕೇಳಲಿಲ್ಲ. ಕೇಳಲು ಹೆದರಿದ್ದರೋ, ಅಥವಾ ಹೆದರಿದ್ದು ನಾನೋ, ಈಗ ಹೇಳಲಾರೆ.

ಒಂದು ಬೆಳಿಗ್ಗೆ ಮಾವ ಏಣಿ ಹತ್ತಿ, ಹೊಸದಾಗಿ ಕಡೆದ ದೀಪದ ಶೇಡು ತೂಗುಹಾಕುತ್ತಿದ್ದರು. ಅದೂ ಎಂಜಿನ್ನೇ, ಮೇಲೆ ಕೆಂಪು, ಕೆಳಗೆ ಹಳದಿ. ಅತ್ತೆ ಕಾಫಿ ಲೋಟ ಹಿಡಿದು ಕುಳಿತಿದ್ದರು.

"ಏನ್ರೀ, ಇಷ್ಟು ವರ್ಸದ ಕಸುಬು, ಹಿಂಗಾ ಅರಗು ಹತ್ಸಾದು? ಕೆಂಪು ಮುಗ್ದು ಹಳದಿ ಸುರುವಾಗೋ ತಾವ ಒಂದೆಳೆ ಬುಟ್ಟೋಗೈತೆ."

ಮಾವನ ಕೈ ನಿಂತಿತು.

"ಎಲ್ಲಿ?"

"ಅಲ್ಲೇ, ಕೂದಲಷ್ಟು."

"ಯಾವ ಕಡೆ?"

"ಬಾಗ್ಲು ಕಡೆ. ನಿಮ್ಗೇನು ಕಣ್ಣು ಕಾಣಕಿಲ್ವಾ?"

ಮಾವನ ಬೆರಳು ಆ ಎಳೆಯ ಮೇಲೇ ಇತ್ತು. ಆದರೂ ಮುಖ ಗೋಡೆಗೆ ತಿರುಗಿಸಿ, "ಕಾಣಕಿಲ್ಲ ಕಣಮ್ಮಿ. ಇನ್ನೊಂದ್ಸಲ ಯೋಳು," ಎಂದರು.